ನನ್ನ ಆಣೆಯನ್ನು ಯಾರೂ ಕೇಳಿರಲಿಲ್ಲ

ಈರಪ್ಪ ಕರೆಂಟು ಹೊಡೆದು ಸತ್ತ ಎಂದು ಊರವರು ಹೇಳುತ್ತಾರೆ. ಅದು ಅರ್ಧ ಸುಳ್ಳು. ಕರೆಂಟು ಹೊಡೆದ ಕೂಡಲೇ ತಾನಾಗಿಯೇ ಬಿದ್ದು ಕರೆಂಟು ಕಡಿಯಲಿ ಎಂದು ಶೆಡ್ಡಿನ ಗೋಡೆಯ ಮೇಲೆ ಒಂದು ಟ್ರಿಪ್ ಸ್ವಿಚ್ ಇತ್ತು. ಅದು ಮೇಲಿಂದ ಮೇಲೆ ಬಿದ್ದು ಮಗ್ಗ ನಿಲ್ಲುತ್ತವೆ ಎಂದು ಶೆಡ್ಡಿನ ಮಾಲೀಕ ಸಾವುಕಾರ ಅದನ್ನು ತಪ್ಪಿಸಿ ನೇರ ತಂತಿ ಹಾಕಿಸಿದ. ಈರಪ್ಪನನ್ನು ಕೊಂದದ್ದು ಆ ತಂತಿ. ಹಾಕಿಸಿದವನು ಸಾವುಕಾರ. ನೋಡಿದವರು ಏಳು ಗಂಡಸರು ಮತ್ತು ನಾನು. ನಡೆದದ್ದು ಇಷ್ಟೇ. ಇಷ್ಟನ್ನು ಕೋರ್ಟಿನಲ್ಲಿ ಒಬ್ಬರ ಬಾಯಿಂದ ಹೊರಗೆ ಹಾಕಿಸಲು ಎರಡು ವರ್ಷದ ಮೇಲೆ ಹಿಡಿಯಿತು.

ಕೊರೊನಾ ಹೋಗಿ ಮಗ್ಗಗಳು ಮತ್ತೆ ಸರಿಯಾಗಿ ಬಡಿಯಲು ಶುರುಮಾಡಿದ ವರ್ಷದ ಮಾತು. ನಾನು ರಬಕವಿಯ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಕಂಡಿಕೆ ಸುತ್ತುತ್ತಿದ್ದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಸೀರೆಯ ಅಡ್ಡ ಎಳೆ ಲಾಳಿಯಿಂದ ಬರುತ್ತದೆ, ಲಾಳಿಯ ಹೊಟ್ಟೆಯಲ್ಲಿ ನೂಲು ಸುತ್ತಿದ ಕಡ್ಡಿ ಇರುತ್ತದೆ, ಅದೇ ಕಂಡಿಕೆ. ಅದು ಮುಗಿದರೆ ಮಗ್ಗ ಬರಿದೇ ಬಡಿಯುತ್ತದೆ, ಬಟ್ಟೆ ಏಳುವುದಿಲ್ಲ. ಆದರೂ ಈ ಶೆಡ್ಡಿನಲ್ಲಿ ಕೆಲಸದವರು ಎಷ್ಟು ಮಂದಿ ಎಂದು ಯಾರಾದರೂ ಕೇಳಿದರೆ ಕಂಡಿಕೆಯವಳನ್ನು ಹಿಡಿಯುವುದಿಲ್ಲ. ನಮ್ಮ ಕಡೆ ನೇಕಾರ ಎಂದರೆ ಮಗ್ಗದ ಮುಂದೆ ನಿಂತ ಗಂಡಸು. ನಾನು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಗಂಡ ಸತ್ತ ಮೇಲೆ ಆ ಶೆಡ್ಡಿಗೆ ಬಂದವಳು ಹನ್ನೆರಡು ವರ್ಷ ಒಂದೇ ಜಾಗದಲ್ಲಿ ಕುಳಿತಿದ್ದೆ. ಆ ಜಾಗ ಕರೆಂಟಿನ ಬೋರ್ಡಿನ ಕೆಳಗೆ. ಶೆಡ್ಡಿಗೆ ಇದ್ದ ಒಂದೇ ಕಿಟಕಿಯ ಬೆಳಕು ಅಲ್ಲಿಗೆ ಬೀಳುತ್ತಿತ್ತು. ನನ್ನ ಮಗ ಮಲ್ಲಪ್ಪನೂ ಅದೇ ಶೆಡ್ಡಿನಲ್ಲಿ ಮಗ್ಗ ನಡೆಸುತ್ತಿದ್ದ. ಅವನ ಮಗ್ಗುಲ ಮಗ್ಗ ಈರಪ್ಪನದು.

ಆ ವರ್ಷ ಮಳೆ ಬಿಟ್ಟೂಬಿಡದೆ ಹಿಡಿಯಿತು. ಮಾಡಿನ ಪತ್ರಾಸು ಸೋರಿ ಗೋಡೆ ಹಸಿಯಾಯಿತು. ಮಗ್ಗದ ಕಬ್ಬಿಣ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಗಂಡಸರು ಕಾಲ ಕೆಳಗೆ ಗೋಣಿಚೀಲ ಹಾಕಿಕೊಂಡು ನಿಂತರು. ಜುಮ್ಮೆಂದಾಗಲೆಲ್ಲ ನನ್ನ ತಲೆಯ ಮೇಲಿನ ಟ್ರಿಪ್ ಸ್ವಿಚ್ ಟಕ್ಕನೆ ಬೀಳುತ್ತಿತ್ತು. ಎಲ್ಲ ಮಗ್ಗ ಒಮ್ಮೆಗೇ ನಿಲ್ಲುತ್ತಿದ್ದವು. ಮತ್ತೆ ಎತ್ತುವುದು, ಮತ್ತೆ ಬೀಳುವುದು.

ಬಾಯಿ ಬಿಟ್ಟು ಹೇಳಿದವನು ಈರಪ್ಪ ಒಬ್ಬನೇ. "ಸಾವ್ಕಾರ್ರ, ಮಗ್ಗಕ್ಕ ಕರೆಂಟ್ ಬರಾಕತ್ತೈತ್ರಿ. ಒಂದ್ ದಿನ ಬಂದ್ ಮಾಡಿ ವೈರಿಂಗ್ ನೋಡಸ್ರಿ."

"ಬಂದ್ ಮಾಡಿದ್ರ ನಿಮ್ಮಪ್ಪ ಬಂದು ಮಾಲ್ ಕೊಡ್ತಾನೇನಲೇ?" ಎಂದ ಸಾವುಕಾರ.

ಮರುದಿನ ಅವನು ಒಬ್ಬ ವೈರಮನ್‌ನನ್ನು ಕರೆತಂದ. ವೈರಿಂಗ್ ನೋಡಿಸಲಿಕ್ಕಲ್ಲ. ನನಗೆ ಸರಿದು ಕೂಡು ಎಂದು ಹೇಳಿ, ತಾನೇ ಬ್ಯಾಟರಿ ಹಿಡಿದು ನಿಂತು, ಟ್ರಿಪ್ ಸ್ವಿಚ್ಚಿನ ಈ ಬದಿಯಿಂದ ಆ ಬದಿಗೆ ಎರಡು ತುಂಡು ಕೆಂಪು ತಂತಿ ಹಾಕಿಸಿದ. ಅಂದರೆ ಸ್ವಿಚ್ ಬಿದ್ದರೂ ಕರೆಂಟು ಪಕ್ಕದ ದಾರಿಯಿಂದ ಹೋಗುತ್ತದೆ. "ಇನ್ನ ಬೀಳಂಗಿಲ್ಲ ನೋಡ್ರಿ, ಬಡೀರಿ," ಎಂದು ಕೂಗಿ ಹೋದ. ಏಳೂ ಮಂದಿ ಕೇಳಿದರು. ಈರಪ್ಪನೂ ಕೇಳಿದ. ಬಡಿದರು.

ಎರಡನೆಯ ದಿನ ಮಧ್ಯಾಹ್ನ ಈರಪ್ಪನ ಮಗ್ಗದಲ್ಲಿ ಎಳೆ ಹರಿಯಿತು. ಬಾಗಿ, ಎಳೆ ಬಡಿದು ಕೂಡಿಸುವ ಹಣಿಗೆಯ ಹತ್ತಿರ ಕೈ ಹಾಕಿದವನು ಹಾಗೆಯೇ ಹಿಡಿದುಕೊಂಡು ನಿಂತ. ಕೂಗಲೂ ಇಲ್ಲ. ಮಲ್ಲಪ್ಪ ಓಡಿ ಬಂದು ಮೇನ್ ಸ್ವಿಚ್ ಎಳೆದ ಮೇಲೆ ಬಿದ್ದ. ಅಷ್ಟರಲ್ಲಿ ಮುಗಿದಿತ್ತು. ಸುದ್ದಿ ಕೇಳಿ ಸಾವುಕಾರ ಮನೆಯಿಂದ ಬಂದ. ಬಂದವನು ಮೊದಲು ಈರಪ್ಪನ ಹತ್ತಿರ ಹೋಗಲಿಲ್ಲ. ನನ್ನ ತಲೆಯ ಮೇಲೆ ಕೈ ಚಾಚಿ, ಪಕ್ಕಡದಿಂದ, ಅಂದರೆ ಇಕ್ಕಳದಿಂದ, ಆ ಎರಡು ತಂತಿ ಕಿತ್ತು, ಅಂಗಿಯ ಕಿಸೆಗೆ ಹಾಕಿಕೊಂಡ. ಆಮೇಲೆ ತಿರುಗಿ, "ಆಟೋ ತರ್ರಿ" ಎಂದ.

ಪೊಲೀಸರು ಬಂದರು, ಪಂಚನಾಮೆ ಆಯಿತು. ಪಂಚನಾಮೆ ಎಂದರೆ ನಾಲ್ಕು ಜನರ ಎದುರು ಜಾಗ ನೋಡಿ, ಏನು ಎಲ್ಲಿತ್ತು ಎಂದು ಬರೆದು ಸಹಿ ಹಾಕಿಸುವುದು. ತಂತಿ ಸಾವುಕಾರನ ಕಿಸೆಯಲ್ಲಿ ಇದ್ದುದರಿಂದ ಪಂಚನಾಮೆಯಲ್ಲಿ ಬರಲಿಲ್ಲ. ಆದರೆ ಆ ದಿನ ಏಳೂ ಗಂಡಸರು ಸಿಟ್ಟಿನಲ್ಲಿದ್ದರು. ಕಂಡದ್ದನ್ನೆಲ್ಲ ಪೊಲೀಸರಿಗೆ ಹೇಳಿದರು. ನಾನೂ ಎದ್ದು ಹೋದೆ. ಒಬ್ಬ ಪೊಲೀಸ, "ಆಯಿ, ನೀ ಮನಿಗಿ ನಡಿ, ಗಂಡಮಕ್ಕಳು ಹೇಳಾಕತ್ತಾರಲ್ಲ," ಎಂದ. ಮೊದಲೇ ಯಾಕೆ ಹೇಳಲಿಲ್ಲ ಎಂದು ಈಗಲೂ ನನ್ನನ್ನು ಕೇಳುವವರಿದ್ದಾರೆ. ಏಳು ಗಂಡಸರು ಹೇಳುತ್ತಿದ್ದರು. ಎಂಟನೆಯವಳ ಮಾತು ಯಾರಿಗೂ ಬೇಕಿರಲಿಲ್ಲ.

ಸಾವುಕಾರನ ಮೇಲೆ ಕೇಸಾಯಿತು. ವೈರಮನ್ ಅಷ್ಟರಲ್ಲಿ ಊರು ಬಿಟ್ಟಿದ್ದ, ಸಿಗಲಿಲ್ಲ. ನಿರ್ಲಕ್ಷ್ಯದಿಂದ ಸಾವು ತಂದದ್ದು ಎಂದು ಆಪಾದನೆ. ಆದರೆ ಪೊಲೀಸರ ಮುಂದೆ ಹೇಳಿದ್ದು ಕೋರ್ಟಿಗೆ ಸಾಕ್ಷಿಯಲ್ಲವಂತೆ. ಅದೇ ಮಾತನ್ನು ಜಡ್ಜರ ಮುಂದೆ ನಿಂತು ಇನ್ನೊಮ್ಮೆ ಹೇಳಬೇಕು. ಇದು ನನಗೆ ತಡವಾಗಿ ಗೊತ್ತಾಯಿತು. ಸಾವುಕಾರನಿಗೆ ಮೊದಲೇ ಗೊತ್ತಿತ್ತು.

ಸಾಕ್ಷಿಗಳಿಗೆ ಸಮನ್ಸ್ ಬಂದ ವಾರವೇ ದೈವ ಕೂಡಿತು. ದೈವ ಎಂದರೆ ನಮ್ಮಲ್ಲಿ ಓಣಿಯ ಹಿರಿಯರ ಸಭೆ. ಗುಡಿಯ ಪೌಳಿಯಲ್ಲಿ ಕುಳಿತು, ಶೆಡ್ಡು ಮುಚ್ಚಿದರೆ ಏಳು ಮನೆಯ ಒಲೆ ಆರುತ್ತದೆ, ಈರಪ್ಪ ಹೇಗೂ ತಿರುಗಿ ಬರುವುದಿಲ್ಲ ಎಂದು ಬುದ್ಧಿ ಹೇಳಿದರು. ಕೊನೆಗೆ ತಟ್ಟೆಯಲ್ಲಿ ಬಿಲ್ವಪತ್ರೆ ಮತ್ತು ದೇವರ ಭಂಡಾರ, ಅಂದರೆ ಅರಿಶಿನ, ತಂದಿಟ್ಟರು. ಮನೆಗೊಬ್ಬ ಗಂಡಸು ಮುಟ್ಟಿ ಆಣೆ ಮಾಡಬೇಕು: ಕೋರ್ಟಿನಲ್ಲಿ ಸಾವುಕಾರನ ವಿರುದ್ಧ ಬಾಯಿ ಬಿಡುವುದಿಲ್ಲ. ಭಂಡಾರ ಮುಟ್ಟಿದ ಮೇಲೆ ನಮ್ಮ ಕಡೆ ಮಾತು ಮುಗಿಯಿತು. ಎಲೆಕ್ಷನ್ನಿನಲ್ಲಿ ವೋಟು ಕಟ್ಟಿಹಾಕುವುದೂ ಹೀಗೆಯೇ.

ಮಲ್ಲಪ್ಪ ಹಳದಿ ಕೈ ಮಾಡಿಕೊಂಡು ಮನೆಗೆ ಬಂದ.

"ಏನೋ ಅದು ಕೈಯಾಗ?"

"ಭಂಡಾರ ಬೇ ಯವ್ವಾ. ಎಲ್ಲಾರೂ ಮುಟ್ಟಿದ್ರು. ನಾನೂ ಮುಟ್ಟಿನಿ."

"ಈರಪ್ಪನ್ನ ಬಿಡಸಾಕ ಮೇನ್ ಎಳದಾವ ನೀನ. ಈಗ ಏನಂತ ಹೇಳಾಂವ ಅಲ್ಲಿ?"

"ನಾ ಚಹಾ ಕುಡ್ಯಾಕ ಹೋಗಿದ್ದೆ ಅಂತ."

"ಥೂ ನಿನ್ನ!" ಎಂದೆ. ಅವನು ತಲೆ ಎತ್ತಲಿಲ್ಲ. ಒಳಗೆ ಅವನ ಮಗಳು, ನನ್ನ ಮೊಮ್ಮಗಳು, ಆಡುತ್ತಿದ್ದಳು. "ಕೂಸಿನ ಮ್ಯಾಲೆ ಆಣಿ ಐತಿ ಯವ್ವಾ. ನೀ ಏನೂ ಮಾತಾಡಬ್ಯಾಡ," ಎಂದ.

ಈರಪ್ಪನ ಹೆಂಡತಿ ನೀಲವ್ವನ ಜೊತೆ ಬನಹಟ್ಟಿಯ ಕೋರ್ಟಿಗೆ ಹೋಗುವವರು ಯಾರೂ ಉಳಿಯಲಿಲ್ಲ. ನಾನು ಹೋದೆ. ಮರುಕ ಬಂದು ಹೋದೆ ಎಂದು ತಿಳಿಯಬೇಡಿ. ಸಿಟ್ಟು ಬಂದು ಹೋದೆ. ಸಾವುಕಾರನ ವಕೀಲ ಈ ನಡುವೆ ಹೊಸ ಕಥೆ ತೆಗೆದಿದ್ದ: ಟ್ರಿಪ್ ಬೀಳುವುದರ ಬಗ್ಗೆ ಹೆಚ್ಚು ಕೂಗಾಡಿದವನು ಈರಪ್ಪನೇ, ಆ ತಂತಿ ಹಾಕಿಕೊಂಡವನೂ ಅವನೇ, ತನ್ನ ಕೈಯಿಂದ ತಾನು ಸತ್ತ. ನೀಲವ್ವನಿಗೆ ಬೇಕಾಗಿದ್ದದ್ದು ಒಂದೇ. "ದೊಡ್ಡವ್ವಾ, ಅವನ್ನ ಜೈಲಿಗೆ ಹಾಕ್ಲಿ, ಬಿಡ್ಲಿ. ನನ್ನ ಗಂಡ ತನ್ನ ಕೈಲೇ ಸತ್ತಾನ ಅಂತ ಮಾತ್ರ ಬರೀಬಾರ್ದು," ಎನ್ನುತ್ತಿದ್ದಳು.

ವಿಚಾರಣೆಯ ದಿನ ಸಾಕ್ಷಿಗಳು ಒಬ್ಬೊಬ್ಬರಾಗಿ ಕಟಕಟೆ ಹತ್ತಿದರು. ಮೊದಲನೆಯವನು ಚಹಾ ಕುಡಿಯಲು ಹೋಗಿದ್ದೆ ಎಂದ. ಎರಡನೆಯವನೂ ಚಹಾ. ಮೂರನೆಯವನೂ ಚಹಾ. ಪೊಲೀಸರಿಗೆ ಹಾಗೆ ಹೇಳಿಯೇ ಇಲ್ಲ ಎಂದರು. ಹೀಗೆ ಮೊದಲಿನ ಮಾತಿಗೆ ತಿರುಗಿಬಿದ್ದವರನ್ನು ಕೋರ್ಟಿನಲ್ಲಿ ಹೋಸ್ಟೈಲ್ ಎನ್ನುತ್ತಾರೆ. ನನ್ನ ಮಗನೂ ಹೋಸ್ಟೈಲ್ ಆದ. ಏಳನೆಯವನು ಬಾಯಿ ತೆರೆಯುವುದರೊಳಗೆ ಜಡ್ಜರು ಕೇಳಿದರು: "ನೀವೂ ಚಹಾಕ್ಕೆ ಹೋಗಿದ್ದಿರಾ? ಹಾಗಾದರೆ ಮಗ್ಗಗಳನ್ನು ಯಾರು ನಡೆಸುತ್ತಿದ್ದರು?" ಅವನು ಸಾವುಕಾರನ ಮುಖ ನೋಡಿದ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಒಬ್ಬ ಮನುಷ್ಯ ಸತ್ತ ಕೇಸಿನಲ್ಲಿ ನಗುವ ಹಾಗೆ ಮಾಡಿದ್ದರು ನಮ್ಮ ಗಂಡಸರು.

ಹೊರಗೆ ವರಾಂಡದಲ್ಲಿ ಸರಕಾರಿ ವಕೀಲೆ ಕಾಗದ ಮಡಚುತ್ತ ನಿಂತಿದ್ದರು. ಸಣ್ಣ ವಯಸ್ಸಿನ ಹೆಣ್ಣುಮಗಳು, ಕಲಬುರಗಿ ಕಡೆಯವರು. ನೀಲವ್ವನಿಗೆ, "ಇನ್ನು ಕಷ್ಟ ಅದ ಅಮ್ಮ, ನೋಡಿದವರು ಯಾರೂ ಉಳಿದಿಲ್ಲ," ಎಂದರು.

"ನಾ ಇದ್ದೇನಲ್ರಿ," ಎಂದೆ.

"ನೀವು ಎಲ್ಲಿದ್ರಿ ಅಜ್ಜಿ?"

"ಬೋರ್ಡಿನ ಬುಡಕ ಕುಂತಿದ್ದೆ. ಕಂಡಿಕಿ ಸುತ್ತಾಕತ್ತಿದ್ದೆ."

"ಪೊಲೀಸರು ನಿಮ್ಮನ್ನ ಕೇಳಲಿಲ್ಲೇನು?"

"ಪೊಲೀಸ್ರೂ ಕೇಳಲಿಲ್ಲ, ದೈವದವ್ರೂ ಕೇಳಲಿಲ್ಲ. ಮನಿಗೊಬ್ಬ ಗಂಡಸಂತ. ನಾ ಭಂಡಾರ ಮುಟ್ಟಿಲ್ರಿ."

ಅವರು ನನ್ನನ್ನೇ ನೋಡಿದರು. "ನಾಳಿ ಬಂದು ಇದನ್ನೆಲ್ಲ ಹೇಳ್ತೀರೇನು?"

"ನಾಳಿ ಯಾಕ, ಈಗ ಹೇಳ್ತೀನಿ."

ಹಾಗೆ ಈಗಲೇ ಆಗುವುದಿಲ್ಲವಂತೆ. ಪಟ್ಟಿಯಲ್ಲಿ ಹೆಸರಿಲ್ಲದ ಸಾಕ್ಷಿಯನ್ನು ಕರೆಸಬೇಕೆಂದು ಅವರು ಅರ್ಜಿ ಹಾಕಿದರು. ಸಾವುಕಾರನ ವಕೀಲ ತಕರಾರು ಎತ್ತಿದ. ತಾರೀಕಿನ ಮೇಲೆ ತಾರೀಕು ಬಿದ್ದು ಕೊನೆಗೆ ಜಡ್ಜರು ಒಪ್ಪಿದರು. ಅಷ್ಟು ದಿನವೂ ಮನೆಯಲ್ಲಿ ಜಗಳ. ದೈವದ ಒಬ್ಬ ಹಿರಿಯ ಬಾಗಿಲಿಗೇ ಬಂದ. "ಕಾಶವ್ವ, ನಿನ್ನ ಮಗನ ಆಣಿ ಅಂದ್ರ ಮನಿ ಆಣಿ. ನೀ ಮುರದ್ರ ಮನಿಗಿ ತಟ್ತೈತಿ," ಎಂದ.

"ಪಗಾರ ಕೇಳಾಕ ಹೋದಾಗ ಸಾವ್ಕಾರ್ರು ನೀ ಬ್ಯಾರೆ, ನಿನ್ನ ಮಗಾ ಬ್ಯಾರೆ ಅಂತಿದ್ರು. ಈಗ ಮಾತ್ರ ಒಂದ ಮನಿ ಆದ್ವೇನ್ರಿ? ಕರೀಬೇಕಿತ್ತು ನನ್ನ ಅವತ್ತ. ಮುಟ್ಟತಿದ್ನೋ ಬಿಡ್ತಿದ್ನೋ ಅಲ್ಲೇ ನೋಡ್ತಿದ್ರಿ," ಎಂದೆ. ಅವನು ಚಪ್ಪಲಿ ಮೆಟ್ಟಿ ಹೋದ. ಕೆಲಸದವರನ್ನು ಎಣಿಸುವಾಗ ಬಿಟ್ಟಂತೆ ಬಾಯಿ ಕಟ್ಟುವಾಗಲೂ ನನ್ನನ್ನು ಬಿಟ್ಟಿದ್ದರು. ಅದು ಅವರ ತಪ್ಪು, ನನ್ನದಲ್ಲ.

ಅದೇ ವಾರ ಮೊಮ್ಮಗಳಿಗೆ ಜ್ವರ ಬಂತು. ಸೊಸೆ ಅಳುತ್ತ ನನ್ನನ್ನು ಬೈದಳು. ಮಲ್ಲಪ್ಪ ಗುಡಿಗೆ ಹೋಗಿ ಕಾಯಿ ಒಡೆಸಿದ. ನಾನು ಕೂಸನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಹೋದೆ. ರಕ್ತ ನೋಡಿ ಟೈಫಾಯ್ಡ್ ಎಂದರು, ನೀರು ಕುದಿಸಿ ಕುಡಿಸಿರಿ ಎಂದರು. ಗುಳಿಗೆ ತಿಂದು ಎದ್ದಳು. ಆಣೆ ತಟ್ಟಿತು ಎಂದು ಓಣಿಯೆಲ್ಲ ಹೇಳಿಕೊಂಡು ತಿರುಗಿದವರು, ಕೂಸು ಎದ್ದ ಸುದ್ದಿಯನ್ನು ಯಾರಿಗೂ ಹೇಳಲಿಲ್ಲ.

ನನ್ನ ಪಾಳಿ ಬಂತು. ಗುಮಾಸ್ತರು ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ ಎನ್ನಿರಿ ಎಂದರು.

"ಅಂತೀನ್ರಿ. ಇವತ್ತ ಮೊದಲನೇ ಸಲ ಯಾರರ ನನ್ನ ಆಣಿ ಕೇಳಿದ್ರು ನೋಡ್ರಿ," ಎಂದೆ. ಜಡ್ಜರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿರಿ ಎಂದರು. ಕೊಟ್ಟೆ. ಮಳೆ, ಜುಮ್ಮೆನ್ನುವ ಮಗ್ಗ, ಬ್ಯಾಟರಿ ಹಿಡಿದ ಸಾವುಕಾರ, ಎರಡು ಕೆಂಪು ತಂತಿ, ಪಕ್ಕಡ, ಕಿಸೆ. ಎಲ್ಲ ಹೇಳಿ ಮುಗಿಸಿದೆ. ಸಾವುಕಾರ ಎದುರಿಗೇ ಕುಳಿತಿದ್ದ.

ಅವನ ವಕೀಲ ಎದ್ದ. ಕೋರ್ಟಿನ ಕನ್ನಡದಲ್ಲಿ ಕೇಳಿದ: "ಕೆಲಸಗಾರರ ಪಟ್ಟಿಯಲ್ಲಿ ನಿಮ್ಮ ಹೆಸರೇ ಇಲ್ಲ. ನೀವು ಆ ಶೆಡ್ಡಿನಲ್ಲಿ ಕೆಲಸ ಮಾಡಲೇ ಇಲ್ಲ ಎಂದರೆ?"

"ಹಂಗಾದ್ರ ಹನ್ನೆರಡು ವರ್ಷ ಇವರ ಕಂಡಿಕಿ ದೆವ್ವ ಸುತ್ತಿತೇನ್ರಿ?"

"ನಿಮಗೆ ಕಣ್ಣಿನ ಆಪರೇಷನ್ ಆಗಿದೆ. ತಂತಿ, ಅದರ ಬಣ್ಣ, ಎಲ್ಲ ಕಾಣಿಸಿತೇ?"

"ಕಾಣಂಗಿಲ್ಲಂದ್ರ ಸಾವ್ಕಾರ್ರು ನನ್ನ ಎಳಿ ಸುತ್ತಾಕ ಇಟ್ಕೊಂತಿದ್ರೇನ್ರಿ?"

"ಇಷ್ಟು ದಿನ ಕೋರ್ಟಿನಲ್ಲೇ ಕುಳಿತು ಉಳಿದ ಸಾಕ್ಷಿಗಳ ಮಾತು ಕೇಳಿ ಈ ಕಥೆ ಕಟ್ಟಿದ್ದೀರಿ."

"ಅವ್ರೆಲ್ಲಾ ಚಹಾ ಕುಡ್ಯಾಕ ಹೋಗಿದ್ದೆ ಅಂದಾರ್ರಿ. ಚಹಾ ಕೇಳಿ ತಂತಿ ಕಥಿ ಹೆಂಗ ಕಟ್ಲಿ?"

ಜಡ್ಜರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ವಕೀಲ ಇನ್ನೂ ಏನೇನೋ ಕೇಳಿದ. ಈರಪ್ಪ ಕುಡಿಯುತ್ತಿದ್ದನಲ್ಲವೇ, ನೀಲವ್ವ ನಿಮಗೆ ಸೀರೆ ಕೊಡಿಸಿದ್ದಾಳಲ್ಲವೇ, ಮಗನಿಗೂ ನಿಮಗೂ ಜಗಳವಿದೆಯಲ್ಲವೇ. ಕೊನೆಯದೊಂದು ಖರೆ. ಹೌದು ಎಂದೆ.

ನನ್ನ ನಂತರ ಬಂದವರು ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರು. ಸಾವಾದ ಮೂರನೆಯ ದಿನ ಶೆಡ್ಡು ನೋಡಿದವರು. ಅವರ ಹೇಳಿಕೆಯನ್ನು ನಾನು ಹಿಂದಿನ ಬೆಂಚಿನ ಮೇಲೆ ಕುಳಿತು ಕೇಳಿದೆ. ಟ್ರಿಪ್ ಸ್ವಿಚ್ ಸರಿಯಾಗಿಯೇ ಕೆಲಸ ಮಾಡುತ್ತಿತ್ತು ಎಂದರು. ಅದು ದಾರಿಯಲ್ಲಿ ಇದ್ದಿದ್ದರೆ ಈರಪ್ಪ ಸಾಯುತ್ತಿರಲಿಲ್ಲ, ಪಕ್ಕದಿಂದ ಬೇರೆ ದಾರಿ ಕೊಟ್ಟಿದ್ದರಷ್ಟೇ ಹೀಗೆ ಆಗಲು ಸಾಧ್ಯ ಎಂದರು. ಇನ್ನೊಂದು ಮಾತನ್ನೂ ಹೇಳಿದರು. ಆ ಸ್ವಿಚ್ಚಿನ ಮೇಲೆ ಒಂದು ಸಣ್ಣ ಗುಂಡಿ ಇರುತ್ತದೆ, ಟೆಸ್ಟ್ ಬಟನ್. ಅದನ್ನು ಒತ್ತಿದರೆ ಸ್ವಿಚ್ ಬಿದ್ದು ಇಡೀ ಶೆಡ್ಡು ನಿಲ್ಲಬೇಕು. ನಿಂತರೆ ಜೀವಕ್ಕೆ ಕಾವಲು ಇದೆ ಎಂದು ಅರ್ಥ. ತಿಂಗಳಿಗೊಮ್ಮೆ ಯಾರು ಬೇಕಾದರೂ ಒತ್ತಿ ನೋಡಬಹುದು. ಹನ್ನೆರಡು ವರ್ಷ ಆ ಗುಂಡಿ ನನ್ನ ತಲೆಯ ಮೇಲೇ ಇತ್ತು. ಅದು ಏನೆಂದು ಒಬ್ಬನೂ ಹೇಳಿರಲಿಲ್ಲ. ಸಾವುಕಾರನಿಗೆ ಗೊತ್ತಿತ್ತು, ವೈರಮನ್‌ಗೆ ಗೊತ್ತಿತ್ತು. ನಮಗೆ ಹೇಳಿದರೆ ನಾವು ಒತ್ತಿ ನೋಡುತ್ತಿದ್ದೆವಲ್ಲ, ಅದಕ್ಕೇ ಹೇಳಲಿಲ್ಲ.

ಸಾಕ್ಷಿ ಹೇಳಿದ ಮರುದಿನವೇ ಸಾವುಕಾರ ನನ್ನನ್ನೂ ಮಲ್ಲಪ್ಪನನ್ನೂ ಕೆಲಸದಿಂದ ತೆಗೆದ. ಆಣೆ ಮಾಡಿ, ಅದನ್ನು ಉಳಿಸಿಕೊಂಡು, ಸುಳ್ಳು ಹೇಳಿ ಬಂದ ನನ್ನ ಮಗನಿಗೂ ಅದೇ ಗತಿ. ಮಲ್ಲಪ್ಪ ಬನಹಟ್ಟಿಯಲ್ಲಿ ಬೇರೆ ಶೆಡ್ಡಿನಲ್ಲಿ ಕೆಲಸ ಹಿಡಿದ. ನನ್ನ ಜೊತೆ ಮಾತು ಬಿಟ್ಟ. ತಾಟು ಮುಂದೆ ಇಟ್ಟರೆ ಉಣ್ಣುತ್ತಿದ್ದ, ಎದ್ದು ಹೋಗುತ್ತಿದ್ದ. ನಾನು ಮನೆಯಲ್ಲಿ ಕುಳಿತು ಅವರಿವರ ಕಂಡಿಕೆ ಸುತ್ತಿದೆ.

ತೀರ್ಪಿನ ದಿನ ನಾನು, ನೀಲವ್ವ ಇಬ್ಬರೇ ಹೋದೆವು. ಸಾವುಕಾರ ಅಪರಾಧಿ ಎಂದು ಜಡ್ಜರು ಓದಿದರು. ಜೈಲು ಶಿಕ್ಷೆ, ಮೇಲೆ ದಂಡ. ಮೇಲಿನ ಕೋರ್ಟಿಗೆ ಹೋಗಲು ಅವಕಾಶವಿದ್ದುದರಿಂದ ಅಲ್ಲಿಯೇ ಜಾಮೀನೂ ಸಿಕ್ಕಿತು. ಸರಕಾರಿ ವಕೀಲೆ ನೀಲವ್ವನ ಹತ್ತಿರ ಬಂದು, "ನಿಮ್ಮ ಯಜಮಾನರದ್ದು ಏನೂ ತಪ್ಪಿಲ್ಲ ಅಂತ ಸ್ಪಷ್ಟ ಬರೆದಾರ," ಎಂದರು.

"ಇನ್ನೊಮ್ಮೆ ಹೇಳ್ರಿ," ಎಂದಳು ನೀಲವ್ವ. ಅವರು ಇನ್ನೊಮ್ಮೆ ಹೇಳಿದರು. ಅವಳು ಸೆರಗು ಸರಿ ಮಾಡಿಕೊಂಡು, "ಆತು, ನಡಿ ದೊಡ್ಡವ್ವಾ," ಎಂದಳು. ಗೇಟಿನ ಹೊರಗೆ ಕ್ಯಾಂಟೀನಿನಲ್ಲಿ ಸಾವುಕಾರ ಕುಳಿತಿದ್ದ. ಸುತ್ತ ಅವನ ಮಂದಿ. ಆ ದಿನ ಖರೇನೇ ಚಹಾ ಕುಡಿಯುತ್ತಿದ್ದರು. ಅಪೀಲು ಇನ್ನೂ ಜಮಖಂಡಿಯಲ್ಲಿದೆ. ಅವನ ಶೆಡ್ಡು ಇಂದಿಗೂ ನಡೆಯುತ್ತಿದೆ.

ನ್ಯಾಯ ಸಿಕ್ಕಿತು ಎಂದು ಜನ ನನಗೆ ಹೇಳುತ್ತಾರೆ. ಸಿಕ್ಕದ್ದು ಕಾಗದದ ಮೇಲೆ ಒಂದು ಸಾಲು. ನೀಲವ್ವನಿಗೆ ಅದು ಬೇಕಿತ್ತು, ಸಿಕ್ಕಿತು, ಬೇಡವೆನ್ನುವುದಿಲ್ಲ. ಆದರೆ ಕೋರ್ಟು ಮನುಷ್ಯ ಸತ್ತ ಮೇಲೆ ಕೇಳುತ್ತದೆ. ಸಾಯುವ ಮೊದಲು ಕೇಳಬೇಕಾದವರು ಶೆಡ್ಡಿನೊಳಗೆ ಇರುವ ನಾವು. ಈರಪ್ಪ ಕೇಳಿದಾಗ ಅವನ ಜೊತೆ ಎಂಟೂ ಮಂದಿ ಎದ್ದು ನಿಂತಿದ್ದರೆ ಕೋರ್ಟಿನ ಮೆಟ್ಟಿಲು ಹತ್ತುವ ಕೆಲಸವೇ ಇರಲಿಲ್ಲ. ಇದನ್ನು ಕಲಿಯಲು ಒಂದು ಹೆಣ ಬೇಕಾಯಿತು ನಮಗೆ.

ತೀರ್ಪಿನ ದಿನ ರಾತ್ರಿ ಮಲ್ಲಪ್ಪ ಊಟ ಮಾಡಿ ಎದ್ದವನು ಬಾಗಿಲಲ್ಲಿ ನಿಂತ. ಎಷ್ಟೋ ತಿಂಗಳ ಮೇಲೆ ಅವನ ಬಾಯಿಂದ ನನ್ನ ಕಡೆಗೆ ಮಾತು ಬಂತು.

"ಯವ್ವಾ."

"ಏನು?"

"ಅಲ್ಲೂ ಮಗ್ಗ ಮುಟ್ಟಿದ್ರ ಜುಮ್ ಅಂತೈತಿ."

"ಮಾಲಕಗ ಹೇಳಿದ್ಯಾ?"

ಅವನು ಹಾಸಿಗೆ ಎಳೆದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದ.

ಮರುದಿನ ಬೆಳಿಗ್ಗೆ ಅವನ ಬುತ್ತಿ ನಾನೇ ಹಿಡಿದುಕೊಂಡು ಅವನ ಹಿಂದೆ ಬನಹಟ್ಟಿಯ ಆ ಶೆಡ್ಡಿಗೆ ಹೋದೆ. ಬೆಳಗಿನ ಪಾಳಿಯ ಮಗ್ಗಗಳು ಆಗಲೇ ಬಡಿಯುತ್ತಿದ್ದವು. ಬುತ್ತಿ ಕೆಳಗಿಟ್ಟು ನೇರ ಬೋರ್ಡಿನ ಹತ್ತಿರ ಹೋದೆ. ಇನ್ಸ್‌ಪೆಕ್ಟರು ಹೇಳಿದ್ದ ಟೆಸ್ಟ್ ಗುಂಡಿ ಒತ್ತಿದೆ. ಟ್ರಿಪ್ ಸ್ವಿಚ್ ಟಕ್ಕನೆ ಬಿತ್ತು. ಮಗ್ಗ ಒಂದೂ ನಿಲ್ಲಲಿಲ್ಲ. ಸ್ವಿಚ್ಚು ಬಿದ್ದೇ ಇತ್ತು, ಮಗ್ಗಗಳು ಬಡಿಯುತ್ತಲೇ ಇದ್ದವು: ಇಲ್ಲಿಯೂ ಕರೆಂಟಿಗೆ ಪಕ್ಕದ ದಾರಿ ಕೊಟ್ಟಿದ್ದರು.

ಮೇನ್ ಸ್ವಿಚ್ಚಿಗೆ ಕೈ ಹಾಕಿ ಕೆಳಗೆ ಎಳೆದೆ. ಶೆಡ್ಡು ಗಪ್ಪಾಯಿತು.

"ಯಾರಬೇ ನೀನು? ಕರೆಂಟ್ ಯಾಕ ತಗದಿ?" ಎಂದು ಮಾಲೀಕ ಒಳಗಿನಿಂದ ಓಡಿ ಬಂದ.

"ಮಲ್ಲಪ್ಪನ ತಾಯಿ. ವೈರಮನ್ನ ಕರಸು. ಅವಾ ಬಂದು ಪಕ್ಕದ ತಂತಿ ಕೀಳೂತನ ಇದನ್ನ ಯಾರೂ ಎತ್ತಂಗಿಲ್ಲ," ಎಂದು ಹೇಳಿ, ಒಂದು ನೂಲಿನ ಚೀಲ ಎಳೆದುಕೊಂಡು ಬೋರ್ಡಿನ ಕೆಳಗೆ ಕುಳಿತೆ. ಮಾಲೀಕ ಮಗನ ಕಡೆ ತಿರುಗಿ ಕೂಗಾಡಿದ. ಮಲ್ಲಪ್ಪ ಕಾಲ ಕೆಳಗಿನ ಗೋಣಿಚೀಲ ಎತ್ತಿಕೊಂಡು ಬಂದು, ನನ್ನ ಮಗ್ಗುಲಿಗೆ ಹಾಸಿ ಕುಳಿತ.